ಕ್ಯಾಂಪಲ್ಲಿ ಥರ್ಮಲ್ ಸ್ಕ್ಯಾನ್ ಆದ ಮೇಲೂ ಮ್ಯಾಮೊಗ್ರಾಂ ಬೇಕಾ?

ಜಾಜಿ · ಭಾನುವಾರ, ರಾತ್ರಿ 9:40

ನನಗೆ 43. ಇರುವುದು ಬೆಂಗಳೂರಲ್ಲಿ. ಇವತ್ತು ನಮ್ಮ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಲ್ಲಿ ಹೆಂಗಸರಿಗೆ ಎದೆ ತಪಾಸಣೆ ಕ್ಯಾಂಪ್ ಇತ್ತು. ಪಾಂಪ್ಲೆಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ "ನೋವಿಲ್ಲ, ಮುಟ್ಟುವುದಿಲ್ಲ, ರೇಡಿಯೇಷನ್ ಇಲ್ಲ" ಅಂತ ಬರೆದಿತ್ತು. ಟೇಬಲ್ ಟೆನಿಸ್ ಆಡುವ ರೂಮಿಗೆ ಪರದೆ ಕಟ್ಟಿದ್ದರು. ಎಸಿ ಜೋರಾಗಿ ಹಾಕಿ, ಮೇಲಿನ ಬಟ್ಟೆ ತೆಗೆಸಿ, ಕೈ ಎರಡೂ ಮೇಲೆತ್ತಿಸಿ ಹತ್ತು ನಿಮಿಷ ಕೂರಿಸಿದರು. ಮೈ ತಣ್ಣಗಾಗಬೇಕಂತೆ. ಆಮೇಲೆ ಎದುರಿನಿಂದ, ಎರಡೂ ಪಕ್ಕದಿಂದ ಫೋಟೊ. ಹುಡುಗಿಯೊಬ್ಬಳು ಪರದೆ ಆಚೆಯಿಂದಲೇ "ಸ್ವಲ್ಪ ಎಡಕ್ಕೆ ತಿರುಗಿ ಆಂಟಿ" ಅನ್ನುತ್ತಿದ್ದಳು. ಅಷ್ಟೇ.

ನಮ್ಮ ಅತ್ತೆಗೆ 66. ಜ್ವರ ಬಂದರೂ ಡಾಕ್ಟರ ಮುಂದೆ ಸೆರಗು ಸರಿಸದ ಜೀವ ಅದು. ಯಾರೂ ಮುಟ್ಟುವುದಿಲ್ಲ ಅಂದಿದ್ದಕ್ಕೆ ಅವರೂ ಬಂದರು. ನನಗೆ ಆಶ್ಚರ್ಯ!

ಸಂಜೆ ವಾಟ್ಸಾಪಲ್ಲಿ ಇಬ್ಬರ ರಿಪೋರ್ಟೂ ಬಂತು. ಕೆಂಪು, ಹಳದಿ, ನೀಲಿ ಬಣ್ಣದ ಚಿತ್ರ, ಕೆಳಗೆ ಹಸಿರು ಚೌಕದಲ್ಲಿ "ಕಡಿಮೆ ಅಪಾಯ". ಖುಷಿಯಾಗಿ ಅಕ್ಕನಿಗೆ ಕಳಿಸಿದೆ. ಅವಳು "ಅದೆಲ್ಲ ಸರಿ, ಮ್ಯಾಮೊಗ್ರಾಂ ಯಾವಾಗ?" ಅಂದಳು. ಅದೇ, ಎದೆಯ ಎಕ್ಸ್‌ರೇ. ಪಕ್ಕದ ಮನೆಯವರು ನೋಡಿದರೆ "ಆ ಮಷಿನ್ ಹಿಂಡಿಬಿಡುತ್ತೆ, ಅದರ ರೇಡಿಯೇಷನ್‌ನಿಂದಲೇ ಕ್ಯಾನ್ಸರ್ ಬರುತ್ತೆ" ಅಂತಾರೆ. ನಮ್ಮ ಮನೆತನದಲ್ಲಿ ಯಾರಿಗೂ ಈ ಕಾಯಿಲೆ ಇಲ್ಲ. ಸೂಜಿ, ಕತ್ತರಿ ಏನೂ ಇಲ್ಲದ ಪರೀಕ್ಷೆಗಳಲ್ಲಿ ಯಾವುದನ್ನು ನಂಬಬೇಕು? ಗೊತ್ತಿರುವವರು ಹೇಳಿ.

ಎರಡು ಜಡೆ · ಭಾನುವಾರ, ರಾತ್ರಿ 10:05

ನಮ್ಮ ಆಫೀಸಲ್ಲೂ ಇದೇ ಕ್ಯಾಂಪ್ ಆಯ್ತು. ನನಗೆ 29. ನನ್ನದೂ ಹಸಿರು. ಉತ್ತರ ಬಂದರೆ ನನಗೂ ಬೇಕು.

ಹುಬ್ಬಳ್ಳಿ ಟೆಕ್ನಿಷಿಯನ್ · ಸೋಮವಾರ, ಬೆಳಗ್ಗೆ 6:50

ಜಾಜಿ ಅವರೇ, ನಾನು ಸ್ಕ್ಯಾನಿಂಗ್ ಸೆಂಟರಲ್ಲಿ ಹನ್ನೊಂದು ವರ್ಷದಿಂದ ಮ್ಯಾಮೊಗ್ರಾಂ ತೆಗೆಯುವವಳು. ಡಾಕ್ಟರ್ ಅಲ್ಲ. ಆದರೆ ಈ ಪಾಂಪ್ಲೆಟ್ ಹಿಡಿದುಕೊಂಡು ಬರುವವರನ್ನು ವಾರಕ್ಕೊಬ್ಬರನ್ನಾದರೂ ನೋಡುತ್ತೇನೆ.

ಥರ್ಮಲ್ ಕ್ಯಾಮೆರಾ ನೋಡುವುದು ಚರ್ಮದ ಬಿಸಿಯನ್ನು. ಒಳಗೆ ಗಡ್ಡೆ ಬೆಳೆಯುತ್ತಿದ್ದರೆ ಅಲ್ಲಿಗೆ ರಕ್ತ ಜಾಸ್ತಿ ಹರಿಯುತ್ತದೆ, ಮೇಲಿನ ಚರ್ಮ ಬಿಸಿಯಾಗುತ್ತದೆ ಅನ್ನುವುದು ಅದರ ಲೆಕ್ಕ. ಲೆಕ್ಕವೇನೋ ಸರಿ. ಆದರೆ ಗಡ್ಡೆ ಆಳದಲ್ಲಿದ್ದರೆ, ಚಿಕ್ಕದಿದ್ದರೆ, ನಿಧಾನಕ್ಕೆ ಬೆಳೆಯುವಂಥದ್ದಾದರೆ ಮೇಲೆ ಬಿಸಿ ಕಾಣಲೇಬೇಕೆಂದಿಲ್ಲ. ಬಾವು ಬಂದಿದ್ದರೆ, ಹಾಲೂಡಿಸುತ್ತಿದ್ದರೆ ಕ್ಯಾನ್ಸರ್ ಇಲ್ಲದೆಯೂ ಬಿಸಿ ಕಾಣುತ್ತದೆ. ಔಷಧಿ, ಉಪಕರಣಗಳಿಗೆ ಒಪ್ಪಿಗೆ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ ಥರ್ಮಲ್‌ಗೆ 1982ರಲ್ಲಿ ಒಪ್ಪಿಗೆ ಕೊಟ್ಟಿದ್ದು ಬೇರೆ ಪರೀಕ್ಷೆಯ ಜೊತೆಗೆ ಬಳಸಲಿ ಅಂತ ಮಾತ್ರ. ಇದೊಂದನ್ನೇ ಮಾಡಿ ಕಳಿಸುವ, ಮ್ಯಾಮೊಗ್ರಾಂ ಬದಲು ಇದು ಸಾಕು ಅನ್ನುವ ಕಡೆಗಳ ವಿರುದ್ಧ 2019ರಲ್ಲೂ ಎಚ್ಚರಿಕೆ ಕೊಟ್ಟಿತು. ಈಗ ಆ ಚಿತ್ರವನ್ನು ಎಐಯಿಂದ ಓದಿಸುತ್ತಾರೆ. ಮೊದಲಿಗಿಂತ ಚೆನ್ನಾಗಿ ಓದಬಹುದು. ಆದರೂ ಥರ್ಮಲ್ ಒಂದರಿಂದಲೇ ಸಾವು ಕಡಿಮೆಯಾಯ್ತು ಅಂತ ತೋರಿಸಿದ ದೊಡ್ಡ ಅಧ್ಯಯನ ಇಲ್ಲ. ಮ್ಯಾಮೊಗ್ರಾಂಗೆ ಇದೆ.

ಇನ್ನೊಂದು ಮಾತು. ಮ್ಯಾಮೊಗ್ರಾಂ ಅಂದ್ರೂ ಸೂಜಿ ಇಲ್ಲ, ಕೊಯ್ಯುವುದಿಲ್ಲ. ಅದೂ ಬರೀ ಚಿತ್ರವೇ ನೋಡ್ರಿ. ರೇಡಿಯೇಷನ್ ಇದೆ, ಸುಳ್ಳು ಹೇಳಲ್ಲ. ಎರಡೂ ಕಡೆ ಸೇರಿ 0.4 ಮಿಲಿಸೀವರ್ಟ್ ಆಸುಪಾಸು. ಮಣ್ಣು, ಕಲ್ಲು, ಗಾಳಿ, ಆಕಾಶದಿಂದ ನಮ್ಮ ಮೇಲೆ ದಿನಾ ಬೀಳುವ ರೇಡಿಯೇಷನ್ನಿಗೆ ಹೋಲಿಸಿದರೆ ಸುಮಾರು ಏಳು ವಾರದ್ದು.

ಹಿಂಡುವುದು ಹೌದು. ಹರಡಿ ಚಪ್ಪಟೆ ಮಾಡಿದರೆ ಒಂದರ ಹಿಂದೆ ಒಂದು ಅವಿತುಕೊಳ್ಳುವುದಿಲ್ಲ, ಚಿತ್ರ ಅಲುಗಾಡುವುದಿಲ್ಲ, ಕಿರಣವೂ ಕಡಿಮೆ ಸಾಕು. ಒಂದೊಂದು ಕಡೆ ಎರಡೆರಡು ಚಿತ್ರ. ಒಂದೊಂದಕ್ಕೆ ಕೆಲವು ಸೆಕೆಂಡು. ಮುಟ್ಟು ಮುಗಿದ ವಾರದಲ್ಲಿ ಬಂದರೆ ನೋವು ಕಡಿಮೆ.

ಮನೆಮದ್ದು · ಸೋಮವಾರ, ಬೆಳಗ್ಗೆ 9:15

ಇದೆಲ್ಲ ಸ್ಕ್ಯಾನಿಂಗ್ ಸೆಂಟರಿನವರ ವ್ಯಾಪಾರ. ಅವರ ಹತ್ತಿರ ಕೇಳಿದರೆ ಇನ್ನೇನು ಹೇಳುತ್ತಾರೆ? ಒಂದು ಮ್ಯಾಮೊಗ್ರಾಂ ಆದ್ರೆ ಇನ್ನೊಂದು ಸ್ಕ್ಯಾನು, ಆಮೇಲೆ ಸೂಜಿ ಅಂತಾರೆ. ಸೂಜಿ ಚುಚ್ಚಿದರೆ ಕ್ಯಾನ್ಸರ್ ಮೈಯೆಲ್ಲ ಹರಡುತ್ತೆ. ನಮ್ಮ ಸಂಬಂಧಿಕರೊಬ್ಬರಿಗೆ ಆಗಿದ್ದು ಹಾಗೇ. ದಿನಾ ಅರಿಶಿನ ಹಾಕಿದ ಹಾಲು ಕುಡಿಯಿರಿ ಸಾಕು.

ಗಂಟು ತೆಗೆಸಿದವಳು · ಸೋಮವಾರ, ಬೆಳಗ್ಗೆ 11:30

ಮನೆಮದ್ದು ಅವರೇ, ಅರಿಶಿನದ ಹಾಲು ನಾನೂ ಕುಡಿಯುತ್ತೇನೆ. ರುಚಿ ಇದೆ. ಆದರೆ ಸೂಜಿ ಹರಡುತ್ತದೆ ಅನ್ನುವ ಮಾತನ್ನು ದಯವಿಟ್ಟು ಹರಡಬೇಡಿ. ನನ್ನ ಏಳು ತಿಂಗಳು ಹಾಳಾಗಿದ್ದಕ್ಕೆ ಈ ಮಾತೂ ಒಂದು ಕಾರಣ.

ನನ್ನದು ದಾವಣಗೆರೆ. ಆಗ ನನಗೆ 38. ಭಾನುವಾರ ಎಣ್ಣೆ ಹಚ್ಚಿಕೊಂಡು ತಲೆಗೆ ನೀರು ಹಾಕಿಕೊಳ್ಳುವಾಗ ಎಡಗಡೆ ಕಂಕುಳ ಹತ್ತಿರ ಹುಣಸೆ ಬೀಜದಷ್ಟು ಗಟ್ಟಿ ಸಿಕ್ಕಿತು. ಒತ್ತಿದರೆ ಜಾರುತ್ತಿರಲಿಲ್ಲ, ಅಂಟಿಕೊಂಡ ಹಾಗಿತ್ತು. ನೋವು ಇರಲಿಲ್ಲ. ನೋವಿಲ್ಲ ಅಂತಲೇ ಸುಮ್ಮನಿದ್ದೆ. ಪಾಪು ಹಾಲು ಬಿಟ್ಟು ಒಂದು ವರ್ಷ ಆಗಿತ್ತು. ಒಂದು ಕಡೆ ತೋರಿಸಿದೆ. "ಹಾಲಿನ ಗಂಟಮ್ಮ, ಕರಗುತ್ತೆ" ಅಂದರು. ಮುಟ್ಟಿಯೂ ನೋಡಲಿಲ್ಲ. ಸೂಜಿ ಹಾಕಿಸುತ್ತೇನೆ ಅಂದಾಗ ಮನೆಯಲ್ಲಿ ಇದೇ ಹೆದರಿಕೆ, ಬೇಡವೇ ಬೇಡ ಅಂದರು. ಏಳು ತಿಂಗಳಾದ ಮೇಲೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋದೆ. ಅಲ್ಲಿ ಮೂರು ಕೆಲಸ ಮಾಡಿದರು. ಕೈಯಲ್ಲಿ ಮುಟ್ಟಿ ನೋಡಿದರು, ಚಿತ್ರ ತೆಗೆದರು, ಸೂಜಿಯಲ್ಲಿ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಎರಡನೇ ಹಂತ ಅಂತ ಬಂತು. ಈಗ ಐದು ವರ್ಷ ದಾಟಿದೆ, ಚೆನ್ನಾಗಿದ್ದೇನೆ.

ಜಾಜಿ, ನೀವು ಕೇಳಿದ ಪ್ರಶ್ನೆಯಲ್ಲೇ ಎರಡು ವಿಷಯ ಕಲಸಿಹೋಗಿದೆ. ಸ್ಕ್ರೀನಿಂಗ್ ಅಂದ್ರೆ ಏನೂ ತೊಂದರೆ ಇಲ್ಲದವರನ್ನು ಸುಮ್ನೆ ನೋಡುವುದು. ಗಂಟು ಸಿಕ್ಕಿದೆ, ತೊಟ್ಟಿನಿಂದ ರಕ್ತ ಬರುತ್ತಿದೆ, ಚರ್ಮ ಕಿತ್ತಳೆ ಸಿಪ್ಪೆ ಥರ ಆಗಿದೆ, ಒಂದು ಕಡೆ ಗುಳಿ ಬಿದ್ದಿದೆ, ತೊಟ್ಟು ಹೊಸದಾಗಿ ಒಳಗೆ ಹೋಗಿದೆ ಅಂದರೆ ಅದು ಸ್ಕ್ರೀನಿಂಗ್ ಅಲ್ಲ. ಅವರಿಗೆ ಕ್ಯಾಂಪ್ ಅಲ್ಲ, ಆಸ್ಪತ್ರೆ ಬೇಕು. ಹಸಿರು ಬಂದರೂ ಅಷ್ಟೇ, ನೀಲಿ ಬಂದರೂ ಅಷ್ಟೇ. ಮ್ಯಾಮೊಗ್ರಾಂ ಚೆನ್ನಾಗಿದೆ ಅಂತ ಬಂದರೂ ಕೈಗೆ ಸಿಗುವ ಗಂಟನ್ನು ಹಾಗೇ ಬಿಡುವ ಹಾಗಿಲ್ಲ.

ಮನೆತನದಲ್ಲಿ ಯಾರಿಗೂ ಇಲ್ಲ ಅಂದಿರಿ. ನನ್ನ ಮನೆತನದಲ್ಲೂ ಇರಲಿಲ್ಲ. ವಂಶದಿಂದ ಬರುವುದು ನೂರಕ್ಕೆ ಐದೋ ಹತ್ತೋ ಅಷ್ಟೇ.

ಜಾಜಿ · ಸೋಮವಾರ, ಮಧ್ಯಾಹ್ನ 1:10

ಇದನ್ನು ಎರಡು ಸಲ ಓದಿದೆ. ಕ್ಯಾಂಪಲ್ಲಿ ಫಾರ್ಮ್ ತುಂಬಿಸಿದ್ದರು. ಹೆಸರು, ವಯಸ್ಸು, ಫೋನ್ ನಂಬರ್, ಫ್ಲಾಟ್ ನಂಬರ್. ಗಂಟು ಇದೆಯಾ, ತೊಂದರೆ ಇದೆಯಾ ಅಂತ ಒಂದು ಪ್ರಶ್ನೆಯೂ ಇರಲಿಲ್ಲ. ಈಗ ನೆನಪಾಗುತ್ತಿದೆ.

ಸುಮ್ನೆ ಓದುಗ · ಸೋಮವಾರ, ಸಂಜೆ 6:20

ಗಂಡಸು ಇಲ್ಲಿ ಬಾಯಿ ಹಾಕಬಹುದಾ ಗೊತ್ತಿಲ್ಲ. ನನ್ನ ಹೆಂಡತಿಗೆ 40. ಇಷ್ಟೆಲ್ಲ ಗೊಂದಲ ಯಾಕೆ, ಒಂದೇ ಸಲ ಎಂಆರ್‌ಐ ಮಾಡಿಸಿದರೆ ಆಗಲ್ವಾ? ರೇಡಿಯೇಷನ್ನೂ ಇಲ್ಲ. ದುಡ್ಡು ಹೋದರೆ ಹೋಗಲಿ.

ಹುಬ್ಬಳ್ಳಿ ಟೆಕ್ನಿಷಿಯನ್ · ಸೋಮವಾರ, ರಾತ್ರಿ 8:45

ಹಾಕ್ರಿ ಬಾಯಿ, ತಪ್ಪೇನಿಲ್ಲ. ಗಂಡಸರಿಗೂ ಈ ಕ್ಯಾನ್ಸರ್ ಬರುತ್ತದೆ, ಅಪರೂಪಕ್ಕೆ.

ಎಂಆರ್‌ಐ ಬಹಳ ಚುರುಕು. ಚುರುಕು ಅನ್ನುವುದೇ ಅದರ ತೊಂದರೆ. ಏನೂ ಅಲ್ಲದ್ದನ್ನೂ ತೋರಿಸುತ್ತದೆ, ಆಮೇಲೆ ಅದರ ಹಿಂದೆ ಓಡಬೇಕು. ಎದೆಯ ಎಂಆರ್‌ಐಗೆ ಕೈಯ ರಕ್ತನಾಳಕ್ಕೆ ಸೂಜಿ ಹಾಕಿ ಗ್ಯಾಡೋಲಿನಿಯಂ ಔಷಧಿ ಬಿಡುತ್ತಾರೆ, ಬೋರಲು ಮಲಗಿ ಅಲುಗಾಡದೆ ಇರಬೇಕು. ಹಾಗಾಗಿ ಸೂಜಿ ಇಲ್ಲದ ಪಟ್ಟಿಗೆ ಅದು ಪೂರ್ತಿ ಸೇರುವುದೇ ಇಲ್ಲ. ಬಿಆರ್‌ಸಿಎ ಅನ್ನುವ ವಂಶವಾಹಿಯಲ್ಲಿ ದೋಷ ಇರುವವರಿಗೆ, ಚಿಕ್ಕ ವಯಸ್ಸಲ್ಲಿ ಎದೆಗೆ ರೇಡಿಯೇಷನ್ ಚಿಕಿತ್ಸೆ ಆದವರಿಗೆ ವರ್ಷ ವರ್ಷ ಹೇಳುತ್ತಾರೆ. ಎಲ್ಲರಿಗೂ ಅಲ್ಲ.

ಎರಡು ಜಡೆ ಅವರಿಗೆ: 29ಕ್ಕೆ, ಏನೂ ತೊಂದರೆ ಇಲ್ಲದಿದ್ದರೆ, ಮ್ಯಾಮೊಗ್ರಾಂ ಬೇಡ. ಆ ವಯಸ್ಸಲ್ಲಿ ಒಳಗಿನ ಮಾಂಸ ಗಟ್ಟಿ, ಚಿತ್ರದಲ್ಲಿ ಎಲ್ಲ ಬೆಳ್ಳಗೆ ಕಾಣುತ್ತದೆ. ಗಡ್ಡೆಯೂ ಬೆಳ್ಳಗೇ. ಮಂಜಿನೊಳಗೆ ಹಸು ಹುಡುಕಿದ ಹಾಗೆ. ಗಂಟೇನಾದರೂ ಸಿಕ್ಕರೆ ನಿಮ್ಮ ವಯಸ್ಸಿಗೆ ಮೊದಲು ಮಾಡುವುದು ಅಲ್ಟ್ರಾಸೌಂಡ್. ನೀರುಗುಳ್ಳೆನಾ, ಗಟ್ಟಿ ಗಂಟಾ ಅಂತ ಅದು ಚೆನ್ನಾಗಿ ಹೇಳುತ್ತದೆ. ಆದರೆ ಸುಣ್ಣದ ಪುಡಿಯಂಥ ಚುಕ್ಕಿಗಳನ್ನು ಹಿಡಿಯುವುದರಲ್ಲಿ ಮ್ಯಾಮೊಗ್ರಾಂನಷ್ಟು ಚುರುಕಲ್ಲ. ಕೆಲವು ಕ್ಯಾನ್ಸರ್ ಶುರುವಾಗುವುದು ಆ ಚುಕ್ಕಿಗಳಾಗಿಯೇ.

ನ್ಯೂಜೆರ್ಸಿ ಕನ್ನಡತಿ · ಮಂಗಳವಾರ, ಬೆಳಗ್ಗೆ 7:30

ಇಲ್ಲಿ 2024ರಿಂದ 40 ದಾಟಿದವರಿಗೆ ಎರಡು ವರ್ಷಕ್ಕೊಮ್ಮೆ, 74ರವರೆಗೆ ಮ್ಯಾಮೊಗ್ರಾಂ ಅಂತ ಸಲಹೆ ಇದೆ. ಅದಕ್ಕೆ ಮೊದಲು 50 ಅನ್ನುತ್ತಿದ್ದರು. ಅದೇ ವರ್ಷ ಸೆಪ್ಟೆಂಬರಿಂದ ನಿಮ್ಮ ಎದೆಯ ಮಾಂಸ ಗಟ್ಟಿ ಇದೆಯಾ ಇಲ್ವಾ ಅಂತ ರಿಪೋರ್ಟಲ್ಲಿ ಬರೆದು ತಿಳಿಸಲೇಬೇಕು. ನನಗೆ "ಗಟ್ಟಿ" ಅಂತ ಬಂತು. ಜೊತೆಗೆ ಅಲ್ಟ್ರಾಸೌಂಡ್ ಮಾಡಿಸಿಕೊಂಡೆ. ಊರಲ್ಲಿ ಅಮ್ಮನಿಗೆ ಇಂಥ ಕಾಗದ ಯಾರೂ ಕಳಿಸುವುದಿಲ್ಲ. ಭಾರತದಲ್ಲಿ ಸರ್ಕಾರ ಇದನ್ನು ಯಾಕೆ ಮಾಡಲ್ಲ?

ಅಂಕಿ ಮೇಷ್ಟ್ರು · ಮಂಗಳವಾರ, ಸಂಜೆ 5:00

ಕಾಲೇಜಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುವವಳು ನಾನು, ಮೇಷ್ಟ್ರು ಅನ್ನುವುದು ಮಕ್ಕಳು ಇಟ್ಟ ಹೆಸರು. ಉದ್ದ ಆಗುತ್ತೆ, ಬೇಜಾರಾದರೆ ದಾಟಿಸಿ.

2022ರ ಅಂದಾಜಿನಲ್ಲಿ ಭಾರತದಲ್ಲಿ ಒಂದೇ ವರ್ಷಕ್ಕೆ 1.92 ಲಕ್ಷ ಹೊಸ ಸ್ತನ ಕ್ಯಾನ್ಸರ್, 98 ಸಾವಿರ ಸಾವು. ಆದರೆ 40 ದಾಟಿದ ಎಲ್ಲ ಹೆಂಗಸರಿಗೂ ಮ್ಯಾಮೊಗ್ರಾಂ ಮಾಡಲು ಬೇಕಾಗುವಷ್ಟು ಮಷಿನ್, ಚಿತ್ರ ಓದುವ ಡಾಕ್ಟರು ನಮ್ಮಲ್ಲಿಲ್ಲ. ಅದೂ ಅಲ್ಲದೆ ನಮ್ಮ ಹೆಂಗಸರಿಗೆ ಈ ಕಾಯಿಲೆ ಪಶ್ಚಿಮದವರಿಗಿಂತ ಹತ್ತು ವರ್ಷ ಮುಂಚೆ ಬರುವುದು ಜಾಸ್ತಿ. ಚಿಕ್ಕ ವಯಸ್ಸು ಅಂದರೆ ಗಟ್ಟಿ ಮಾಂಸ. ಮಂಜು, ಹಸು.

ಹಾಗಾದರೆ ಏನು ದಾರಿ? ಮುಂಬೈಯಲ್ಲಿ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆಯವರು 1998ರಲ್ಲಿ ಒಂದು ಕೆಲಸ ಶುರು ಮಾಡಿದರು. 35ರಿಂದ 64 ವಯಸ್ಸಿನ 1,51,538 ಹೆಂಗಸರು. ಇಷ್ಟೂ ಜನ ಇದ್ದ 20 ಪ್ರದೇಶಗಳನ್ನು ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡಿದರು. ಹತ್ತು ಕಡೆ ಎರಡು ವರ್ಷಕ್ಕೊಮ್ಮೆ, ನಾಲ್ಕು ಸುತ್ತು, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಕೈಯಿಂದ ಎದೆ ಪರೀಕ್ಷೆ ಮಾಡಿದರು. ಡಾಕ್ಟರಲ್ಲ, ಮಷಿನ್ನಲ್ಲ, ಬರೀ ಕೈ. ಇನ್ನು ಹತ್ತು ಕಡೆ ತಿಳಿವಳಿಕೆ ಕೊಟ್ಟು ಗಮನಿಸಿದರು. 20 ವರ್ಷ ಕಾದು 2021ರಲ್ಲಿ ಫಲಿತಾಂಶ ಹೇಳಿದರು. ಕೈ ಪರೀಕ್ಷೆ ಆದ ಕಡೆ ಮೂರು, ನಾಲ್ಕನೇ ಹಂತದಲ್ಲಿ ಸಿಕ್ಕಿದ್ದು ನೂರಕ್ಕೆ 37. ಇನ್ನೊಂದು ಕಡೆ 47. ಐವತ್ತು ದಾಟಿದವರಲ್ಲಿ ಈ ಕಾಯಿಲೆಯ ಸಾವು ಸುಮಾರು ನೂರಕ್ಕೆ ಮೂವತ್ತರಷ್ಟು ಇಳಿಯಿತು. ಐವತ್ತರ ಒಳಗಿನವರಲ್ಲಿ ಇಳಿದಿದ್ದು ಕಾಣಲಿಲ್ಲ. ಅದನ್ನೂ ಹೇಳಬೇಕು, ಅಲ್ವಾ.

ಮನೆಯಲ್ಲಿ ನಾವೇ ಪರೀಕ್ಷೆ ಮಾಡಿಕೊಂಡರೆ ಸಾಲದಾ ಅಂತ ಯಾರಾದರೂ ಕೇಳುತ್ತಾರೆ. ಶಾಂಘೈಯಲ್ಲಿ 2,66,064 ಗಿರಣಿ ಹೆಂಗಸರ ಮೇಲೆ ಅದನ್ನೂ ನೋಡಿದ್ದಾರೆ, 2002ರಲ್ಲಿ ಬರೆದರು. ತಿಂಗಳಿಗೊಮ್ಮೆ ಹೀಗೇ ಮಾಡಿಕೊಳ್ಳಿ ಅಂತ ಕಲಿಸಿದ ಗುಂಪಿಗೂ ಕಲಿಸದ ಗುಂಪಿಗೂ ಸಾವಿನಲ್ಲಿ ವ್ಯತ್ಯಾಸ ಇರಲಿಲ್ಲ. ಅನಗತ್ಯ ಬಯಾಪ್ಸಿ, ಅಂದರೆ ಚೂರು ತೆಗೆದು ನೋಡುವ ಪರೀಕ್ಷೆ, ಮಾತ್ರ ಜಾಸ್ತಿಯಾಯ್ತು. ಅದಕ್ಕೇ ಈಗ ದಿನಾಂಕ ಇಟ್ಟುಕೊಂಡು ಹುಡುಕಿ ಅನ್ನುವುದಿಲ್ಲ. ನಿಮ್ಮ ಮೈ ಹೇಗಿರುತ್ತದೆ ಅಂತ ಗೊತ್ತಿರಲಿ, ಬದಲಾದರೆ ತೋರಿಸಿ ಅನ್ನುತ್ತಾರೆ.

ಕೊಪ್ಪಳದ ಸಿಎಚ್‌ಓ · ಮಂಗಳವಾರ, ರಾತ್ರಿ 9:55

ಆ "ಬರೀ ಕೈ" ನಾನೇ ಮೇಷ್ಟ್ರೇ. ಸಿಎಚ್‌ಓ ಅಂದರೆ ಸಮುದಾಯ ಆರೋಗ್ಯ ಅಧಿಕಾರಿ. ನಮ್ಮ ಉಪಕೇಂದ್ರದಲ್ಲಿ ಮೂವತ್ತು ದಾಟಿದವರಿಗೆ ಬಿಪಿ, ಶುಗರ್ ಜೊತೆಗೆ ಬಾಯಿ, ಎದೆ, ಗರ್ಭಕೋಶದ ಬಾಯಿ ನೋಡಬೇಕು. 2016ರ ಕೇಂದ್ರದ ಮಾರ್ಗಸೂಚಿಯಲ್ಲಿ 30ರಿಂದ 65ರವರೆಗೆ ಐದು ವರ್ಷಕ್ಕೊಮ್ಮೆ ಎದೆ ಪರೀಕ್ಷೆ ಅಂತ ಇದೆ. ದುಡ್ಡು ಕೊಡಬೇಕಿಲ್ಲ.

ಮೂರು ಬೆರಳಿನ ಮೆತ್ತನೆ ಭಾಗ ಇಟ್ಟು, ಚಿಕ್ಕ ಚಿಕ್ಕ ಸುತ್ತು ಹಾಕುತ್ತಾ, ಮೊದಲು ಹಗುರಕ್ಕೆ, ಆಮೇಲೆ ಸ್ವಲ್ಪ ಒತ್ತಿ, ಆಮೇಲೆ ಪಕ್ಕೆಲುಬು ಸಿಗುವ ತನಕ. ಅಂಗಳ ಸಾರಿಸುವ ಹಾಗೆ ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ, ಜಾಗ ಬಿಡದೆ. ಕಂಕುಳು ಮರೆಯಬಾರದು. ಎರಡೂ ಕಡೆ ಸರಿಯಾಗಿ ಮಾಡಿದರೆ ಹತ್ತು ನಿಮಿಷ ಬೇಕು. ಹೊರಗೆ ಮೂವತ್ತು ಜನ ಕೂತಿದ್ದರೆ ಆ ಹತ್ತು ನಿಮಿಷ ಎಲ್ಲಿಂದ ತರಲಿ? ಅದು ಬೇರೆ ಕಥೆ.

ಪರೀಕ್ಷೆಗಿಂತ ಕಷ್ಟ ಬಾಗಿಲದ್ದು. ನಮ್ಮ ರೂಮಿನ ಬಾಗಿಲಿಗೆ ಚಿಲಕ ಇರಲಿಲ್ಲ. ನನ್ನ ದುಪಟ್ಟಾ ಪರದೆ ಮಾಡಿ ಕಟ್ಟುತ್ತಿದ್ದೆ. ಒಬ್ಬ ಅಜ್ಜಿ ಬಿಪಿ ಮಾತ್ರೆಗೆ ತಿಂಗಳು ತಿಂಗಳು ಬರುತ್ತಿದ್ದರು. ಎದೆ ನೋಡ್ತೀನಿ ಅಂದರೆ "ನಂಗೇನಾಗೈತವ್ವ" ಅಂತ ನಗುತ್ತಿದ್ದರು. ಚಿಲಕ ಹಾಕಿಸಿದ ತಿಂಗಳು ಮಾತ್ರೆ ತಗೊಂಡು ಬಾಗಿಲ ತನಕ ಹೋದವರು ಅಲ್ಲೇ ನಿಂತರು. ತಾವೇ ಚಿಲಕ ಹಾಕಿದರು. ಕುಪ್ಪಸದ ಗುಂಡಿ ಬಿಚ್ಚಿದರು. ಒಂದು ಮಾತೂ ಆಡಲಿಲ್ಲ.

ಗಂಟು ತೆಗೆಸಿದವಳು · ಮಂಗಳವಾರ, ರಾತ್ರಿ 10:20

ಆಮೇಲೆ?

ಕೊಪ್ಪಳದ ಸಿಎಚ್‌ಓ · ಮಂಗಳವಾರ, ರಾತ್ರಿ 10:31

ಜಿಲ್ಲಾ ಆಸ್ಪತ್ರೆಗೆ ಕಳಿಸಿದೆ. ಆಪರೇಷನ್ ಆಯ್ತು. ಈಗಲೂ ಬಿಪಿ ಮಾತ್ರೆಗೆ ಬರುತ್ತಾರೆ.

ಮೈಸೂರು ಪಾಕು · ಬುಧವಾರ, ಬೆಳಗ್ಗೆ 10:00

ಎಲ್ಲರೂ ಮ್ಯಾಮೊಗ್ರಾಂ ಹೊಗಳುತ್ತಿದ್ದೀರಿ, ನನ್ನದನ್ನೂ ಕೇಳಿ. ಕಳೆದ ವರ್ಷ, 47ನೇ ವಯಸ್ಸಿಗೆ ಮಾಡಿಸಿದೆ. ರಿಪೋರ್ಟಲ್ಲಿ ಫಲಿತಾಂಶದ ನಂಬರ್ "ಬೈರಾಡ್ಸ್ 0" ಅಂತ ಬಂತು. ಸೊನ್ನೆ ಅಂದರೆ ಏನೂ ಇಲ್ಲ ಅಂದುಕೊಂಡು ಸಿಹಿ ಮಾಡಿ ತಿಂದೆವು. ಮೂರು ದಿನ ಆದ ಮೇಲೆ ಫೋನ್ ಬಂತು, "ಮತ್ತೆ ಬನ್ನಿ". ಸೊನ್ನೆ ಅಂದರೆ ಚಿತ್ರ ಸಾಲದು, ಇನ್ನೂ ನೋಡಬೇಕು ಅಂತಂತೆ! ಎರಡು ವಾರ ನಿದ್ದೆ ಇಲ್ಲ. ಮಗಳ ಮದುವೆಗೆ ಎತ್ತಿಟ್ಟ ಸೀರೆಗಳನ್ನು ಯಾರಿಗೆ ಯಾವುದು ಅಂತ ಮನಸ್ಸಲ್ಲೇ ಹಂಚಿಬಿಟ್ಟಿದ್ದೆ. ಕೊನೆಗೆ ನೀರುಗುಳ್ಳೆ. ಏನೂ ಮಾಡುವುದು ಬೇಡ ಅಂದರು. ಆ ಎರಡು ವಾರ ಯಾರು ವಾಪಸ್ ಕೊಡುತ್ತಾರೆ?

ಅಂಕಿ ಮೇಷ್ಟ್ರು · ಬುಧವಾರ, ಮಧ್ಯಾಹ್ನ 2:40

ಇದು ನ್ಯಾಯವಾದ ಸಿಟ್ಟು. 2012ರಲ್ಲಿ ಬ್ರಿಟನ್ನಿನ ಸ್ವತಂತ್ರ ಸಮಿತಿಯೊಂದು ಲೆಕ್ಕ ಹಾಕಿತು. ಐವತ್ತರಿಂದ ಇಪ್ಪತ್ತು ವರ್ಷ 10,000 ಹೆಂಗಸರನ್ನು ಮ್ಯಾಮೊಗ್ರಾಂಗೆ ಕರೆದರೆ 43 ಸಾವು ತಪ್ಪುತ್ತದೆ. ಅದೇ ಹೊತ್ತಿಗೆ 129 ಮಂದಿಗೆ, ಜೀವಮಾನದಲ್ಲಿ ಯಾವತ್ತೂ ತೊಂದರೆ ಕೊಡದೆ ಇರುತ್ತಿದ್ದ ಕ್ಯಾನ್ಸರಿಗೂ ಚಿಕಿತ್ಸೆ ಆಗುತ್ತದೆ. ಯಾರು ಆ 43, ಯಾರು ಈ 129 ಅಂತ ಮೊದಲೇ ಹೇಳಲು ಬರುವುದಿಲ್ಲ. ನಾನು ಈ ಲೆಕ್ಕ ನೋಡಿಯೂ ಮಾಡಿಸಿಕೊಳ್ಳುತ್ತೇನೆ. ನನ್ನ ತಂಗಿ ಅದೇ ಲೆಕ್ಕ ನೋಡಿ ಐವತ್ತರ ತನಕ ಬೇಡ ಅಂದಳು. ಅವಳದು ದಡ್ಡತನ ಅಂತ ನಾನು ಹೇಳಲಾರೆ.

ಬೈರಾಡ್ಸ್ ನಂಬರ್: 1 ಏನೂ ಇಲ್ಲ. 2 ಇದ್ದದ್ದು ನಿರಪಾಯ. 3 ಬಹುಶಃ ನಿರಪಾಯ, ಕ್ಯಾನ್ಸರ್ ಆಗಿರುವ ಸಂಭವ ನೂರಕ್ಕೆ ಎರಡಕ್ಕಿಂತ ಕಡಿಮೆ, ಆರು ತಿಂಗಳಿಗೆ ಮತ್ತೆ ನೋಡಿ. 4, 5 ಅಂದರೆ ಸೂಜಿ. 6 ಅಂದರೆ ಕ್ಯಾನ್ಸರ್ ಅಂತ ಮೊದಲೇ ಖಚಿತವಾಗಿದೆ. ಸೊನ್ನೆ ನೋಡಿ ಸಿಹಿ ಮಾಡಬೇಡಿ.

ಶಿರಸಿಯವಳು · ಬುಧವಾರ, ಸಂಜೆ 7:15

ಮುಟ್ಟಿ ನೋಡುವ ಮಾತು ಬಂತಲ್ಲ, ಅದಕ್ಕೆ ಹೇಳುತ್ತೇನೆ. ಕಣ್ಣು ಕಾಣದ ಹೆಂಗಸರಿಗೇ ಈ ಕೆಲಸ ಕಲಿಸುವ ಪದ್ಧತಿ ಇದೆ. ಜರ್ಮನಿಯ ಫ್ರಾಂಕ್ ಹಾಫ್‌ಮನ್ ಅನ್ನುವ ಡಾಕ್ಟರ್ ಶುರು ಮಾಡಿದ್ದು. ದೆಹಲಿ, ಬೆಂಗಳೂರಲ್ಲೂ ಕಲಿಸಿದ್ದಾರೆ. ಎದೆಯ ಮೇಲೆ ಬೆರಳಿಗೆ ಸಿಗುವ ಗುರುತಿರುವ ಪಟ್ಟಿಗಳನ್ನು ಅಂಟಿಸಿಕೊಂಡು, ಒಂದು ಸೆಂಟಿಮೀಟರೂ ಬಿಡದೆ, ಅರ್ಧ ಗಂಟೆಗಿಂತ ಜಾಸ್ತಿ ಹೊತ್ತು ನೋಡುತ್ತಾರೆ. ಸಿಕ್ಕಿದ್ದನ್ನು ಡಾಕ್ಟರಿಗೆ ಹೇಳುತ್ತಾರೆ, ಮುಂದಿನದು ಡಾಕ್ಟರದ್ದು.

ಜಾಜಿ, ನಿಮ್ಮ ಅತ್ತೆಗೆ ಇದನ್ನು ಹೇಳಿ ನೋಡಿ. ನೋಡುವವರ ಮುಂದೆ ತಾನೇ ಅವರಿಗೆ ನಾಚಿಕೆ.

ಎರಡು ಜಡೆ · ಬುಧವಾರ, ರಾತ್ರಿ 8:00

ಒಂದು ಮಾತು ಥರ್ಮಲ್ ಪರವಾಗಿ. ಯಾರೂ ಮುಟ್ಟಲ್ಲ ಅಂದಿದ್ದಕ್ಕೆ ತಾನೇ ಆ ಅತ್ತೆ ಬಟ್ಟೆ ತೆಗೆದು ಕೂತಿದ್ದು? ಅಷ್ಟು ವರ್ಷ ಯಾರಿಂದಲೂ ಆಗದಿದ್ದು. ಅದನ್ನೂ ಬಯ್ಯಬೇಡಿ.

ಹುಬ್ಬಳ್ಳಿ ಟೆಕ್ನಿಷಿಯನ್ · ಬುಧವಾರ, ರಾತ್ರಿ 8:20

ಒಪ್ಪಿದೆ. ಬಾಗಿಲ ತನಕ ಕರೆತಂದರೆ ಒಳ್ಳೆಯದೇ. ಬಾಗಿಲಲ್ಲೇ "ಇನ್ನು ಮನೆಗೆ ಹೋಗಿ" ಅಂತ ಹಸಿರು ಚೀಟಿ ಕೊಡುವುದಕ್ಕೆ ನನ್ನ ತಕರಾರು.

ಜಾಜಿ · ಮರುವಾರ ಶನಿವಾರ, ಸಂಜೆ 4:30

ಮಾಡಿಸಿದೆ! ಮುಟ್ಟು ಮುಗಿದು ನಾಲ್ಕನೇ ದಿನಕ್ಕೆ ಹೋದೆ. ಅಕ್ಕನೂ ಬಂದಿದ್ದಳು. ಅದು ಸ್ಕ್ಯಾನಿಂಗ್ ಸೆಂಟರ್, ಹೊರಗೆ ಗೋಡೆ ಮೇಲೆ "ಇಲ್ಲಿ ಭ್ರೂಣ ಲಿಂಗ ಪತ್ತೆ ಮಾಡುವುದಿಲ್ಲ" ಅನ್ನುವ ಬೋರ್ಡು. ಅದರ ಕೆಳಗೇ ನನ್ನ ಕುರ್ಚಿ. ಎದುರಿಗೆ ಕೂತ ಬಸುರಿ ಹುಡುಗಿಯ ಅಮ್ಮ "ನಿಮಗೆ ಎಷ್ಟನೇ ತಿಂಗಳು?" ಅಂತ ಕೇಳಿದರು. ಅಕ್ಕ ನಕ್ಕು ನಕ್ಕು ಎದ್ದು ಹೊರಗೆ ಹೋದಳು.

ಒಳಗೆ ನೀವು ಹೇಳಿದ ಹಾಗೇ. ಪೌಡರ್ ಹಾಕಿದ್ದೀರಾ ಅಂತ ಕೇಳಿದರು. ಹಾಕಿದ್ದೆ! ಒರೆಸಿಕೊಂಡು ಬನ್ನಿ ಅಂತ ಒದ್ದೆ ಬಟ್ಟೆ ಕೊಟ್ಟರು. ತಟ್ಟೆ ತಣ್ಣಗಿತ್ತು. ಓರೆಯಾಗಿ ನಿಲ್ಲಿಸಿ ಕಂಕುಳ ತನಕ ಎಳೆದು ಇಟ್ಟಾಗ ಕಣ್ಣಲ್ಲಿ ನೀರು ಬಂತು, ಸುಳ್ಳು ಯಾಕೆ. ಏಳು ಎಣಿಸುವುದರಲ್ಲಿ ಬಿಟ್ಟಿತು. ದುಡ್ಡು ಎರಡು ಸಾವಿರದ ಚಿಲ್ಲರೆ. "ಸಿ" ದರ್ಜೆಯ ಗಟ್ಟಿ ಮಾಂಸ ಅಂತ ಬರೆದು, ಅಲ್ಲೇ ಅಲ್ಟ್ರಾಸೌಂಡೂ ಮಾಡಿದರು. ಬಲಗಡೆ ಎರಡು ಚಿಕ್ಕ ನೀರುಗುಳ್ಳೆ. ಬೈರಾಡ್ಸ್ 2. ಮೇಷ್ಟ್ರೇ, ಎರಡಕ್ಕೆ ಸಿಹಿ ಮಾಡಬಹುದಲ್ವಾ?

ಅಂಕಿ ಮೇಷ್ಟ್ರು · ಶನಿವಾರ, ಸಂಜೆ 5:10

ಧಾರಾಳವಾಗಿ. ಮೈಸೂರು ಪಾಕು ಅವರಿಗೂ ಕಳಿಸಿ.

ಜಾಜಿ · ಭಾನುವಾರ, ರಾತ್ರಿ 11:50

ಇದನ್ನು ನಿನ್ನೆ ಬರೆಯಲಿಲ್ಲ, ಯಾಕೆಂದರೆ ಇದು ಆಗಿದ್ದು ಇವತ್ತು.

ರಾತ್ರಿ ಅಡುಗೆಮನೆಯಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದೆವು, ಅತ್ತೆ, ನಾನು. ಮ್ಯಾಮೊಗ್ರಾಂ ಹೇಗಾಯ್ತು ಅಂತ ಕೇಳಿದರು. ಹೇಳಿದೆ. ಕಣ್ಣು ಕಾಣದವರು ನೋಡುವ ಕಥೆಯನ್ನೂ ಹೇಳಿದೆ. "ಪಾಪ, ಅವರಾದರೂ ಏನು ಪುಣ್ಯದ ಕೆಲಸ ಮಾಡ್ತಾರೆ" ಅಂದರು. ಸ್ವಲ್ಪ ಹೊತ್ತು ಬರೀ ಅವರೆಕಾಳು ಬೀಳುವ ಸದ್ದು. ಆಮೇಲೆ ತಲೆ ಎತ್ತದೆ, "ತೊಟ್ಟು ಒಳಗೆ ಹೋಗೋದು ವಯಸ್ಸಿಗಲ್ವಾ?" ಅಂತ ಕೇಳಿದರು.

ಯಾವಾಗಿನಿಂದ ಅಂದೆ. ಹೋದ ಗೌರಿ ಹಬ್ಬದ ಹೊತ್ತಿಗೆ ಗೊತ್ತಾಯ್ತಂತೆ. ಒಂದೇ ಕಡೆ. ಕ್ಯಾಂಪಲ್ಲಿ ಹೇಳಬಾರದಿತ್ತಾ ಅಂದರೆ, "ಕೇಳಿದರೆ ತಾನೇ ಹೇಳೋದು. ಫೋಟೊದಲ್ಲಿ ಬಂದಿರುತ್ತೆ ಅಂದ್ಕೊಂಡೆ. ಹಸಿರು ಬಂತಲ್ಲ" ಅಂದರು.

ನಾನು ಈಗ ಏನು ಮಾಡಲಿ?

ಗಂಟು ತೆಗೆಸಿದವಳು · ಸೋಮವಾರ, ಬೆಳಗ್ಗೆ 5:45

ಮೊದಲು ಉಸಿರು ಬಿಡಿ. ಒಂದೇ ಕಡೆ, ಹೊಸದಾಗಿ ಒಳಗೆ ಹೋಗಿದ್ದರೆ ತೋರಿಸಲೇಬೇಕು. ಅದು ಕ್ಯಾನ್ಸರೇ ಅಂತ ಅಲ್ಲ. ವಯಸ್ಸಾದವರಲ್ಲಿ ಹಾಲಿನ ನಾಳ ಅಗಲವಾಗಿ, ಬಾವು ಬಂದು ಹಾಗೆ ಎಳೆದುಕೊಳ್ಳುವುದೂ ಇದೆ. ಆದರೆ ಅದನ್ನು ನೀವೂ ನಾನೂ ಹೇಳುವ ಹಾಗಿಲ್ಲ. ಕ್ಯಾಂಪು, ಪ್ಯಾಕೇಜು ಯಾವುದೂ ಬೇಡ. ಎದೆಯ ಶಸ್ತ್ರಚಿಕಿತ್ಸೆ ಮಾಡುವ ಡಾಕ್ಟರ ಹತ್ತಿರ ನೇರ ಹೋಗಿ. ಹೆಣ್ಣು ಡಾಕ್ಟರೇ ಬೇಕು ಅಂತ ಬುಕ್ ಮಾಡುವಾಗಲೇ ಕೇಳಿ, ಕೇಳಿದರೆ ಕೊಡುತ್ತಾರೆ. ಹಸಿರು ರಿಪೋರ್ಟ್ ತಗೊಂಡು ಹೋಗುವುದು ಬೇಡ. ಅಥವಾ ತಗೊಂಡೇ ಹೋಗಿ, ಅವರೂ ನೋಡಲಿ.

ಕೊಪ್ಪಳದ ಸಿಎಚ್‌ಓ · ಸೋಮವಾರ, ಬೆಳಗ್ಗೆ 7:00

ಅತ್ತೆಯವರೇ ಬಾಯಿ ಬಿಟ್ಟು ಹೇಳಿದ್ದಾರೆ. ಇನ್ನು ಒಂದು ವಾರಕ್ಕಿಂತ ಜಾಸ್ತಿ ಮುಂದೂಡಬೇಡಿ ಅಕ್ಕ, ಮನಸ್ಸು ಬದಲಾಗಿಬಿಡುತ್ತೆ. ಅನುಭವದ ಮಾತು.

ಜಾಜಿ · ಸೋಮವಾರ, ಮಧ್ಯಾಹ್ನ 12:20

ಗುರುವಾರ ಹತ್ತೂವರೆಗೆ ಸಿಕ್ಕಿದೆ. ಹೆಣ್ಣು ಡಾಕ್ಟರೇ. ಮ್ಯಾಮೊಗ್ರಾಂ ಅವತ್ತೇ ಅಲ್ಲೇ ಆಗುತ್ತಂತೆ. ನಮ್ಮೆಜಮಾನರು ಬರುತ್ತೇನೆ ಅಂದರು, ಅತ್ತೆ "ನೀನ್ಯಾಕೆ" ಅಂದರು. ನಾವಿಬ್ಬರೇ ಹೋಗುತ್ತೇವೆ.

ಹುಬ್ಬಳ್ಳಿ ಅಕ್ಕ, ಅತ್ತೆಗೆ ಎರಡು ಪ್ರಶ್ನೆ. ಯಾವ ರವಿಕೆ ಹಾಕಿಕೊಳ್ಳಬೇಕು? ಮಾವ ಹೋಗಿ ಎಂಟು ವರ್ಷ ಆದರೂ ಅವರು ಕಟ್ಟಿದ ಸರ ತೆಗೆದಿಲ್ಲ, ಅದನ್ನು ತೆಗೆಯಲೇಬೇಕಾ?

ಹುಬ್ಬಳ್ಳಿ ಟೆಕ್ನಿಷಿಯನ್ · ಸೋಮವಾರ, ಮಧ್ಯಾಹ್ನ 1:05

ಮುಂದೆ ಹುಕ್ ಇರುವ ಯಾವ ರವಿಕೆಯಾದರೂ ಆಗುತ್ತೆ. ಸೀರೆ ಬಿಚ್ಚುವುದು ಬೇಡ, ಸೆರಗು ಸೊಂಟಕ್ಕೆ ಸಿಕ್ಕಿಸಿದರೆ ಸಾಕು. ಪೌಡರ್ ಬೇಡ, ಡಿಯೋಡರೆಂಟ್ ಬೇಡ, ಅದರ ಕಣ ಚಿತ್ರದಲ್ಲಿ ಸುಣ್ಣದ ಚುಕ್ಕಿ ಥರ ಕಾಣುತ್ತದೆ. ಒಂದು ಶಾಲು ತಗೊಂಡು ಹೋಗ್ರಿ, ಆ ರೂಮು ಯಾವಾಗಲೂ ತಣ್ಣಗಿರುತ್ತದೆ.

ಸರ ತೆಗೆಯಬೇಕಿಲ್ಲ. ಬೆನ್ನ ಹಿಂದೆ ಇಳಿಬಿಟ್ಟು ಒಂದು ಪ್ಲಾಸ್ಟರ್ ಹಚ್ಚಿ ಅಂತ ಹೇಳ್ರಿ. ನಾನು ಹಾಗೇ ಮಾಡೋದು.